ಹನ್ನೆರಡೂವರೆ ವೋಲ್ಟು

“ಓದಿ ಟೀಚರ್, ಬಿಸಿಲಿಗೆ ನನಗೆ ಕಾಣ್ತಿಲ್ಲ.”

ಮೆಕ್ಯಾನಿಕ್ ಸಕಿಯಾಸಿ ಕಾರಿನ ತೆರೆದ ಬಾನೆಟ್ಟಿನೊಳಗೆ ಸೊಂಟದವರೆಗೂ ಬಗ್ಗಿದ್ದ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಒಂದು ತುದಿಗೆ, ಕಪ್ಪು ಕಡ್ಡಿಯನ್ನು ಇನ್ನೊಂದು ತುದಿಗೆ ಒತ್ತಿ ಹಿಡಿದಿದ್ದ. ಸುಭಾಷ್ನಿ ತಲೆಯ ಮೇಲಿನ ಬಿಳಿ ಸೆರಗನ್ನು ಮುಂದಕ್ಕೆಳೆದು ಮೀಟರಿಗೆ ನೆರಳು ಮಾಡಿದಳು.

“ಹನ್ನೆರಡು ಪಾಯಿಂಟ್ ಏಳು.”

“ಸರಿ. ಇದು ನನ್ನ ಅಂಗಡಿ ಬ್ಯಾಟರಿ, ಬೆಳಿಗ್ಗೆ ತುಂಬಿಸಿ ತಂದಿದ್ದು. ನಿಮ್ಮದು ನೋಡಿ ಅಲ್ಲಿ, ಹೆಣ ಬಿದ್ದ ಹಾಗೆ...” ಅಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. “ತಪ್ಪಾಯ್ತು ಟೀಚರ್. ನನ್ನ ಬಾಯಿಗೆ ಮೊದಲಿಂದ್ಲೂ ಬ್ರೇಕಿಲ್ಲ.”

“ಇರಲಿ ಬಿಡಿ,” ಎಂದಳು. ನಿಜವಾಗಿಯೂ ಅವಳಿಗೆ ಏನೂ ಅನ್ನಿಸಿರಲಿಲ್ಲ. ಹನ್ನೆರಡು ದಿನಗಳಿಂದ ಜನರ ಮಾತುಗಳು ಅವಳ ಹತ್ತಿರದವರೆಗೆ ಬಂದು, ಒಳಗೆ ಬಾರದೆ, ಹಾಗೇ ಹೊರಟುಹೋಗುತ್ತಿದ್ದವು.

ಅತ್ತೆ ರಾಮಕಲಿ ತೀರಿಕೊಂಡು ಹನ್ನೆರಡು ದಿನ. ನಾಳೆ ಹದಿಮೂರನೆಯದು, ಊಟ. ಅಡುಗೆಮನೆಯಲ್ಲಿ ಏಳೆಂಟು ಹೆಂಗಸರು ನಾಳೆಯ ಪಲ್ಯಕ್ಕೆ ಸಿಹಿಗುಂಬಳ ಹೆಚ್ಚುತ್ತ ಕೂತಿದ್ದರು. ಹಿತ್ತಲ ತಗಡಿನ ಶೆಡ್ಡಿನಲ್ಲಿ ಗಂಡಸರು ಮಧ್ಯಾಹ್ನದಿಂದ ಚಾಪೆಯ ಮೇಲೆ ಸುತ್ತುಗಟ್ಟಿ ಕೂತು ನಂಗೋನಾ ಕುಡಿಯುತ್ತಿದ್ದರು. ಒಣಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ ತೆಗೆದ ಆ ಮಣ್ಣಿನ ಬಣ್ಣದ ನೀರು ತೆಂಗಿನ ಚಿಪ್ಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಕುಡಿಯುವ ಮುಂಚೆ ಒಂದು ಚಪ್ಪಾಳೆ, ಕುಡಿದ ಮೇಲೆ ಮೂರು. ಆ ಸದ್ದು ಕೇಳಿ ಕೇಳಿ, ಶೆಡ್ಡಿನೊಳಗೆ ಎಷ್ಟು ಸುತ್ತು ಮುಗಿದಿದೆ ಎಂದು ಸುಭಾಷ್ನಿ ನೋಡದೆಯೇ ಹೇಳಬಲ್ಲವಳಾಗಿದ್ದಳು.

ಕಾರು ದಿವಿಹಲಸಿನ ಮರದ ಕೆಳಗೆ ನಿಂತಿತ್ತು. ಇಪ್ಪತ್ತೆಂಟು ವರ್ಷ ಹಳೆಯದು, ಬಿಳಿ ಬಣ್ಣ, ಬಾಗಿಲ ಮೇಲೆ ಟ್ಯಾಕ್ಸಿ ನಂಬರು. ದಾರಿಯಲ್ಲಿ ಕೆಟ್ಟು ನಿಂತಿದ್ದ ಅದನ್ನು ಪಕ್ಕದ ಮನೆಯವರ ಟ್ರ್ಯಾಕ್ಟರು ಎಳೆದು ತಂದು ಅಲ್ಲಿ ಬಿಟ್ಟುಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಇವತ್ತು ಸಕಿಯಾಸಿಯನ್ನು ಕರೆಸಿದವನು ಹರಿಪಾಲ್, ಸುಭಾಷ್ನಿಯ ಗಂಡ ಬಿಸುನ್ ದತ್ತನ ಅಣ್ಣ. ಆಚೆಯ ದ್ವೀಪದ ಸುವಾದಿಂದ ಹಡಗಿನಲ್ಲಿ ಬಂದವನು, ತಾಯಿಯ ಮುಖ ನೋಡುವುದು ಅವನಿಗೆ ಸಿಕ್ಕಿರಲಿಲ್ಲ. ನಾಳೆ ಊಟ ಮುಗಿದ ಮೇಲೆ ಬಿಸುನ್ ಎಲ್ಲರೆದುರು ಟ್ಯಾಕ್ಸಿಯ ಕೀಲಿಯನ್ನು ಹರಿಪಾಲನ ಮಗ ರಾಜನೀಲನಿಗೆ ಕೊಡಬೇಕು, ಇನ್ನು ಮೇಲೆ ಚಕ್ರ ಮುಟ್ಟಬಾರದು, ಎಂದು ನಿನ್ನೆ ಶೆಡ್ಡಿನಲ್ಲಿ ತೀರ್ಮಾನವಾಗಿತ್ತು. ಬಿಸುನ್ ತಲೆಯಾಡಿಸಿದ್ದ. ಮೂವತ್ತೊಂದು ವರ್ಷದಿಂದ ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ.

ಈಗಲೂ ಹರಿಪಾಲನ ದನಿ ತಗಡಿನಾಚೆಯಿಂದ ಕೇಳುತ್ತಿತ್ತು.

“ಮೂವತ್ತು ವರ್ಷ ಓಡ್ಸಿದೀನಿ ಅಂತಾನೆ. ಪಕ್ಕದಲ್ಲೇ ಮೀಟರು. ಒಂದ್ಸಲ ಕಣ್ಣು ಹಾಯಿಸಕ್ಕೆ ಆಗ್ಲಿಲ್ಲ! ಮೂರನೇ ಕ್ಲಾಸಿನ ಮಗೂನೂ ನೋಡುತ್ತೆ.”

“ಹೋಗ್ಲಿ ಬಿಡು ಹರಿ,” ಇದು ನಂಗೋನಾ ಕಲಸುವ ಮುದುಕ ಮಥುರಾ ಕಾಕಾ. “ನಿನ್ನ ಸರದಿ ಬಂತು. ಬೈಯೋದಾದ್ರೆ ಕುಡಿದು ಬೈಯಿ, ಬಾಯಿ ಜೋಮು ಹಿಡಿದ್ರೆ ಮಾತಾದ್ರೂ ಮೆತ್ತಗಾಗುತ್ತೆ.”

ಯಾರೋ ನಕ್ಕರು. ಒಂದು ಚಪ್ಪಾಳೆ. ಬಿಸುನನ ದನಿ ಕೇಳಲಿಲ್ಲ.

“ಕೀಲಿ ತಿರುಗಿಸಿ ಟೀಚರ್,” ಎಂದ ಸಕಿಯಾಸಿ.

ಅವಳು ಡ್ರೈವರ್ ಸೀಟಿನ ಅಂಚಿಗೆ ಕೂತು ತಿರುಗಿಸಿದಳು. ಇಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ಇಳಿದು ಬಂದಳು.

“ಈಗೆಷ್ಟು?”

“ಹನ್ನೆರಡೂವರೆ.”

“ಅಷ್ಟೇನಾ?” ಅವನು ಕಡ್ಡಿಗಳನ್ನು ಇನ್ನೊಮ್ಮೆ ಒತ್ತಿದ. “ಸ್ವಲ್ಪ ಗ್ಯಾಸ್ ಕೊಡ್ತೀನಿ, ನೋಡ್ತಿರಿ.” ಅವನೇ ಇಂಜಿನ್ನಿನ ತಂತಿ ಎಳೆದ. ಸದ್ದು ಏರಿತು. ಅಂಕಿ ಏರಲಿಲ್ಲ. “ಲೈಟ್ ಹಾಕಿ ಬನ್ನಿ.” ಹಾಕಿ ಬಂದಳು. ಹನ್ನೆರಡು ಪಾಯಿಂಟ್ ಎರಡು. ನೋಡುತ್ತಿದ್ದಂತೆ ಹನ್ನೆರಡು ಪಾಯಿಂಟ್ ಒಂದು.

“ಮುಗೀತು,” ಎಂದ ಸಕಿಯಾಸಿ, ಕೈಯೊರೆಸಿಕೊಳ್ಳುತ್ತ. “ಆಲ್ಟರ್ನೇಟರ್ ಹೋಗಿದೆ.”

ಸುಭಾಷ್ನಿ ಮೀಟರನ್ನೇ ನೋಡುತ್ತಿದ್ದಳು. “ಆದ್ರೆ ಹನ್ನೆರಡೂವರೆ ಅಂದ್ರೆ ತುಂಬಿದೆ ಅಂತ ಅಲ್ವಾ?”

“ಅಯ್ಯೋ, ಅದು ನಿಂತಿರೋ ಗಾಡಿಗೆ ಟೀಚರ್. ರಾತ್ರಿಯೆಲ್ಲ ನಿಂತು ತಣ್ಣಗಾಗಿರುತ್ತಲ್ಲ, ಆಗ ಹನ್ನೆರಡೂವರೆ ಮೇಲಿದ್ರೆ ಬ್ಯಾಟರಿ ತುಂಬಿದೆ. ಇಂಜಿನ್ ಓಡ್ತಿದ್ರೆ ಹದಿನಾಲ್ಕು ಬೇಕು. ಓಡುವಾಗ ಆಲ್ಟರ್ನೇಟರ್ ಬ್ಯಾಟರಿಗೆ ತುಂಬಿಸ್ತಾ ಇರ್ಬೇಕು, ಅದಕ್ಕೇ ಅಂಕಿ ಮೇಲೆ ಹೋಗೋದು. ಓಡ್ತಾನೂ ಹನ್ನೆರಡೂವರೆನೇ ಅಂದ್ರೆ ಏನರ್ಥ? ಒಳಗೆ ಏನೂ ಬರ್ತಿಲ್ಲ, ಇರೋದೇ ಖರ್ಚಾಗ್ತಿದೆ. ಬನ್ನಿ, ತೋರಿಸ್ತೀನಿ.”

ಗೇಟಿನ ಹತ್ತಿರ ನಿಂತಿದ್ದ ತನ್ನ ವ್ಯಾನನ್ನು ಶುರುಮಾಡಿ ಅದರ ಬ್ಯಾಟರಿಗೆ ಕಡ್ಡಿ ಹಿಡಿದ. ಹದಿನಾಲ್ಕು ಪಾಯಿಂಟ್ ಎರಡು. ಲೈಟು, ಫ್ಯಾನು, ಗಾಜು ಒರೆಸುವ ಕಡ್ಡಿ ಎಲ್ಲ ಹಾಕಿದ. ಹದಿಮೂರು ಪಾಯಿಂಟ್ ಒಂಬತ್ತು. ಅದು ಅಲ್ಲಿಯೇ ನಿಂತಿತು, ಇಳಿಯಲಿಲ್ಲ.

“ನೋಡಿದ್ರಾ? ಇದು ಬದುಕಿರೋ ಗಾಡಿ.”

ಅವಳು ನೋಡಿದಳು. ಆರನೆಯ ತರಗತಿಗೆ ವಿಜ್ಞಾನ ಹೇಳಿಕೊಡುವವಳು, ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೇ ಅಂಕಿ. ನಿಂತಾಗ ಒಂದು ಅರ್ಥ, ಓಡುವಾಗ ಇನ್ನೊಂದು.

ಕಳೆದ ವರ್ಷ ರಜೆಯಲ್ಲಿ ಒಂದು ಬೆಳಿಗ್ಗೆ ಕಾರು ಶುರುವಾಗದೆ ಇದೇ ಸಕಿಯಾಸಿ ಬಂದಿದ್ದ. ಕಾರಿನ ಬ್ಯಾಟರಿ ದೀಪ ಯಾವತ್ತೋ ಸುಟ್ಟುಹೋಗಿದ್ದರಿಂದ, ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸುವ ಕೆಂಪು ಅಂಕಿಯ ಪುಟ್ಟ ಮೀಟರೊಂದನ್ನು ಕೊಟ್ಟುಹೋಗಿದ್ದ. ಹನ್ನೆರಡೂವರೆ ಇದ್ದರೆ ತುಂಬಿದೆ ಎಂದು ತಿಳಿಯಿರಿ ಅಂದಿದ್ದ. ಅವಳು ಅದನ್ನು ಬಿಳಿ ಅಂಟುಪಟ್ಟಿಯ ಮೇಲೆ ಶಾಲೆಯ ಮಾರ್ಕರಿನಿಂದ ದುಂಡಗೆ ಬರೆದು ಮೀಟರಿನ ಮೇಲ್ಗಡೆ ಅಂಟಿಸಿದ್ದಳು: 12.5 – ತುಂಬಿದೆ. ಬಿಸುನನಿಗೆ ಆ ಪಟ್ಟಿಯ ಅಗತ್ಯವಿರಲಿಲ್ಲ. ಇಂಜಿನ್ನಿನ ಸದ್ದಿನಲ್ಲೇ ಅವನಿಗೆ ಬೇಕಾದಷ್ಟು ತಿಳಿಯುತ್ತಿತ್ತು. ಆದರೂ ತೆಗೆದಿರಲಿಲ್ಲ. “ನಮ್ಮ ಮನೆಯವಳು ಕಾರಿಗೂ ಪಾಠ ಮಾಡ್ತಾಳೆ,” ಎಂದು ಹತ್ತಿದವರಿಗೆಲ್ಲ ತೋರಿಸಿ ನಗುತ್ತಿದ್ದ. ಹತ್ತಿರದ ಅಕ್ಷರ ಅವನಿಗೆ ಮಸುಕು. ಜೊತೆಯಲ್ಲಿ ಹೋಗುವಾಗ ಅಂಕಿಯನ್ನು ಓದಿ ಹೇಳುವವಳು ಅವಳೇ.

ಆ ಬುಧವಾರ ಮಳೆಗೆ ಶಾಲೆ ಮುಚ್ಚಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಗೆ ಎದೆ ಹಿಡಿಯಿತು. ಲಂಬಾಸ ಪಟ್ಟಣದ ಆಸ್ಪತ್ರೆಗೆ ಒಂದೂಕಾಲು ಗಂಟೆಯ ದಾರಿ. ಸುಭಾಷ್ನಿ ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೂಡುರಸ್ತೆಯ ಅಂಗಡಿಯ ಮುಂದೆ ಬಿಸುನ್ ಕಾರು ನಿಧಾನ ಮಾಡಿದ. ಅಲ್ಲಿ ಎರಡು ಟ್ಯಾಕ್ಸಿಗಳು ನಿಂತಿದ್ದವು.

“ಸುಭಾ, ಯಾಕೋ ಲೈಟು ಹಳದಿಯಾಗಿದೆ. ಎಷ್ಟು ತೋರಿಸ್ತಿದೆ ನೋಡು?”

ಅವಳು ಎರಡು ಸೀಟುಗಳ ನಡುವೆ ಬಗ್ಗಿ ನೋಡಿದಳು. ಕೆಂಪು ಅಂಕಿ, ಅದರ ಮೇಲೆ ತನ್ನದೇ ದುಂಡನೆಯ ಅಕ್ಷರ. ಅತ್ತೆ ಮುಲುಗುತ್ತಿದ್ದರು.

“ತುಂಬಿದೆ,” ಎಂದಳು. “ನಿಲ್ಲಿಸ್ಬೇಡಿ, ನಡೀರಿ.”

ಗುಡ್ಡ ಹತ್ತುವಾಗ ಗಾಜು ಒರೆಸುವ ಕಡ್ಡಿಗಳು ಮೊದಲು ನಿಧಾನವಾದವು. ಆಮೇಲೆ ಒಂದು ಕಡೆ ನಿಂತೇಬಿಟ್ಟವು. ಆಮೇಲೆ ಇಂಜಿನ್. ಸುತ್ತ ಪೈನ್ ಮರಗಳು, ಫೋನಿಗೆ ಸಿಗ್ನಲ್ ಇಲ್ಲ. ಮರ ಸಾಗಿಸುವ ಲಾರಿಯೊಂದು ಬರಲು ಐವತ್ತು ನಿಮಿಷ ಹಿಡಿಯಿತು. ಪಟ್ಟಣದ ಸೇತುವೆ ಇನ್ನೂ ಕಾಣಿಸದಿರುವಾಗಲೇ, ಆ ಲಾರಿಯ ಸೀಟಿನಲ್ಲಿ, ಅತ್ತೆ ಹೋದರು.

ಆ ಐವತ್ತು ನಿಮಿಷದಲ್ಲಿ ಬಿಸುನ್ ಒಂದೇ ಒಂದು ಪ್ರಶ್ನೆ ಕೇಳಿದ್ದ. ಅದು ಈಗ ಅವಳ ನೆನಪಿಗೆ ಬಂತು. “ಆಗ ಎಷ್ಟಿತ್ತು, ನಂಬರು?” “ಹನ್ನೆರಡೂವರೆ,” ಎಂದಿದ್ದಳು. ಅವನು ಕನ್ನಡಿಯಲ್ಲಿ ಅವಳನ್ನು ಒಂದು ಗಳಿಗೆ ನೋಡಿ, “ಹ್ಞೂಂ,” ಎಂದು ರಸ್ತೆಯ ಕಡೆ ತಿರುಗಿದ್ದ.

ಸಂಜೆ ಫೋನಿನಲ್ಲಿ ಅಣ್ಣನಿಗೆ ಹೇಳಿದ್ದ: “ನಾನು ಮೀಟರ್ ನೋಡ್ಲಿಲ್ಲ ಅಣ್ಣ.” ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ಸುಭಾಷ್ನಿ ಕಾರಿನ ಹತ್ತಿರ ವಾಪಸು ಹೋಗಿ ಒಳಗೆ ಬಗ್ಗಿದಳು. ಇಂಜಿನ್ ಇನ್ನೂ ಓಡುತ್ತಿತ್ತು. ಪುಟ್ಟ ಮೀಟರು ತನ್ನ ಜಾಗದಲ್ಲಿತ್ತು. ಅದರ ಮೇಲೆ ಪಟ್ಟಿ ಇರಲಿಲ್ಲ. ಇದ್ದ ಜಾಗದಲ್ಲಿ ಅಂಟು ಉಳಿದಿತ್ತು, ಅದರ ಮೇಲೆ ಉಗುರಿನ ಗೀರುಗಳು.

“ಇಲ್ಲಿದ್ದ ಪಟ್ಟಿ ನೀವು ತೆಗೆದ್ರಾ?”

“ನಾನ್ಯಾಕೆ ತೆಗೀಲಿ?” ಸಕಿಯಾಸಿ ಬಾನೆಟ್ಟಿನ ಸಂದಿಯಿಂದ ಇಣುಕಿದ. “ಗಾಡಿ ಎಳ್ಕೊಂಡು ಬಂದ ದಿನ ನಾನು ಮಾತಾಡಿಸ್ಕೊಂಡು ಹೋಗೋಣ ಅಂತ ಬಂದಿದ್ದೆ. ಬಿಸುನ್ ಭಾಯ್ ಒಳಗೆ ಕೂತು ಏನೋ ಕೆರೀತಿದ್ದ. ಏನು ಭಾಯ್ ಅಂದೆ. ಅಂಟು ಅಂದ.”

ಪಟ್ಟಿಯಲ್ಲಿ ಏನು ಬರೆದಿತ್ತೆಂದು ಅವನಿಗೂ ಗೊತ್ತಿತ್ತು. ಅದನ್ನು ನೋಡಿ ಅವನೂ ನಕ್ಕಿದ್ದ. ಒಳಗೆ ಕೈಹಾಕಿ ಇಂಜಿನ್ ಆರಿಸಿದ.

“ಆ ಮಾತು ನಾನೇ ಹೇಳಿದ್ದು,” ಎಂದ, ಮೆತ್ತಗೆ.

“ನೀವು ಸರಿಯಾಗೇ ಹೇಳಿದ್ರಿ. ನಾನು ಅರ್ಧ ಬರ್ಕೊಂಡೆ.”

“ಟೀಚರ್, ಕೇಳಿ ಇಲ್ಲಿ. ನಾನೀಗ ಶೆಡ್ಡಿಗೆ ಹೋಗಿ ಆಲ್ಟರ್ನೇಟರ್ ತಟಕ್ಕಂತ ಹೋಗಿದೆ, ಯಾವ ಮೀಟರಲ್ಲೂ ಗೊತ್ತಾಗ್ತಿರ್ಲಿಲ್ಲ ಅಂತೀನಿ. ಮೆಕ್ಯಾನಿಕ್ಕಿನ ಮಾತಿಗೆ ಯಾರು ಎದುರು ಹೇಳ್ತಾರೆ?”

“ಅವರು ನಂಬಲ್ಲ. ಹಳೇ ಗಾಡಿ ಯಾಕೆ ಇಟ್ಕೊಂಡಿದ್ದ ಅಂತ ಶುರುಮಾಡ್ತಾರೆ.”

ಸಕಿಯಾಸಿ ಮೀಟರಿನ ತಂತಿಗಳನ್ನು ಸುತ್ತತೊಡಗಿದ.

ಅಷ್ಟರಲ್ಲಿ ಬಿಸುನ್ ಶೆಡ್ಡಿನಿಂದ ಬಕೆಟ್ಟು ಹಿಡಿದು ಬಂದ. ನಂಗೋನಾಕ್ಕೆ ನೀರು ಮುಗಿದಿತ್ತು. ಬೋಳಿಸಿದ ತಲೆ ಬಿಸಿಲಿಗೆ ಅಲ್ಲಲ್ಲಿ ಕೆಂಪಾಗಿತ್ತು. ಮಳೆನೀರಿನ ತೊಟ್ಟಿಯ ನಲ್ಲಿ ತಿರುಗಿಸಿ, ಬಕೆಟ್ಟು ಇಟ್ಟು, ನೀರು ಬೀಳುವುದನ್ನೇ ನೋಡುತ್ತ ನಿಂತ. ಸುಭಾಷ್ನಿ ಹತ್ತಿರ ಹೋದಳು.

“ಪಟ್ಟಿ ಯಾಕೆ ಕಿತ್ತಿರಿ?”

“ಯಾವ ಪಟ್ಟಿ?”

“ರೀ.”

ಅವನು ಕಾರಿನ ಕಡೆ ನೋಡಿದ, ಸಕಿಯಾಸಿಯ ಕಡೆ ನೋಡಿದ. “ಎಲ್ಲಾ ಹೇಳ್ಬಿಟ್ನಾ ಅವನು? ಅವನಿಗೆ ಬೋಲ್ಟು ಬಿಗಿ ಮಾಡಕ್ಕೆ ಬರುತ್ತೆ, ಬಾಯಿ ಬಿಗಿ ಮಾಡಕ್ಕೆ ಬರಲ್ಲ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿ ಏನ್ಮಾಡೋದಿತ್ತು?” ಬಕೆಟ್ಟು ಅರ್ಧ ತುಂಬಿತ್ತು. “ಸುಮ್ನಿರು ಸುಭಾ. ನಾಳೆಗೆ ಮುಗಿಯುತ್ತೆ.”

“ಗಾಡಿ?”

“ಹೋಗ್ಲಿ. ನನಗೂ ವಯಸ್ಸಾಯ್ತು, ಹತ್ತಿರದ್ದು ಕಾಣಲ್ಲ. ನಾಳಿದ್ದು ನೀನು ಶಾಲೆಗೆ ಹೋಗ್ಬೇಕು. ಇವರ ಬಾಯಿಗೆ ಬಿದ್ದೆ ಅಂದ್ರೆ ಸಾಯೋತನಕ ಅತ್ತೆನ ತಿಂದೋಳು ಅಂತಾರೆ. ಮಕ್ಕಳ ಮುಂದೆ ಅಂತಾರೆ, ಮದುವೆಮನೇಲಿ ಅಂತಾರೆ. ನನಗಾದ್ರೆ ನಾಲ್ಕು ದಿನ ಬೈತಾರೆ. ಮಗ ತಾನೆ, ಆಮೇಲೆ ಬಿಡ್ತಾರೆ.” ನಲ್ಲಿ ನಿಲ್ಲಿಸಿದ. “ಒಳಗೆ ಹೋಗು. ಕುಂಬಳಕಾಯಿ ಹೆಚ್ಚು.”

ಬಕೆಟ್ಟು ಎತ್ತಿಕೊಂಡು ಹೊರಟ. ಭಾರಕ್ಕೆ ಅವನ ಒಂದು ಭುಜ ಇಳಿದಿತ್ತು. ನೀರು ತುಳುಕಿ ನೆಲದ ಮೇಲೆ ಅವನ ಹಿಂದೆ ಒಂದು ಗೆರೆಯಾಗಿ ಹೋಯಿತು.

ಅವನು ಹೇಳಿದ್ದೆಲ್ಲ ಸರಿಯೇ ಎಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಎರಡು ತಲೆಗಳು ಆಗಲೇ ಈ ಕಡೆ ತಿರುಗಿದ್ದವು. ಅದರಲ್ಲಿ ಯಾರು ಮೊದಲು ಹೇಳುತ್ತಾರೆ, ಯಾರ ಮನೆಯಲ್ಲಿ ಹೇಳುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದನ್ನು ಕೂಡ ಅವಳು ಬರೆದುಕೊಡಬಲ್ಲವಳಾಗಿದ್ದಳು. ಭಯವಾಗಬೇಕಿತ್ತು. ಭಯ ಬರಲಿ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಅವಳು ಶೆಡ್ಡಿನ ಕಡೆ ನಡೆದಳು.

ಗಂಡಸರು ಕೂತಲ್ಲಿಗೆ ಹೆಂಗಸರು ಹೋಗುವುದಿಲ್ಲ. ಅದರಲ್ಲೂ ಗಂಡನ ಅಣ್ಣ ಕೂತಲ್ಲಿಗೆ. ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಅವಳು ಹರಿಪಾಲನ ಜೊತೆ ಒಂದು ಮಾತು ನೇರವಾಗಿ ಆಡಿರಲಿಲ್ಲ. ಅವನಿಗೆ ಚಹಾ ಬೇಕೇ ಎಂದು ಕೇಳಬೇಕಾದರೆ ಗೋಡೆಗೋ, ಪಕ್ಕದಲ್ಲಿ ಕೂತ ಅತ್ತೆಗೋ ಕೇಳಿದಂತೆ ಕೇಳುವುದು. ಅವನೂ ಅತ್ತೆಗೇ ಉತ್ತರ ಹೇಳುವುದು.

ಬಾಗಿಲಲ್ಲಿ ಅವಳ ನೆರಳು ಬಿದ್ದಾಗ ಮಾತು ನಿಂತಿತು. ಹರಿಪಾಲ್ ರೂಢಿಯಂತೆ ಮುಖವನ್ನು ಆಚೆಗೆ ತಿರುಗಿಸಿಕೊಂಡ. ಬಿಸುನ್ ಆಗಷ್ಟೇ ಬಕೆಟ್ಟು ಇಳಿಸಿ ತನ್ನ ಜಾಗದಲ್ಲಿ ಕೂತಿದ್ದ. ಎದ್ದು ನಿಲ್ಲಲು ಹೋಗಿ ನಿಲ್ಲಲಿಲ್ಲ.

“ಏನು ಬೇಕಮ್ಮ?” ಎಂದ ಮಥುರಾ ಕಾಕಾ.

“ಭಾವ,” ಎಂದಳು ಸುಭಾಷ್ನಿ.

ಹರಿಪಾಲನ ಕತ್ತು ಅರ್ಧ ತಿರುಗಿ ನಿಂತುಬಿಟ್ಟಿತು.

“ಅವರು ನನ್ನನ್ನ ಕೇಳಿದ್ರು. ಕೂಡುರಸ್ತೆಯಲ್ಲಿ ಗಾಡಿ ನಿಧಾನ ಮಾಡಿ, ಮೀಟರ್ ಎಷ್ಟು ತೋರಿಸ್ತಿದೆ ಅಂತ ಕೇಳಿದ್ರು. ಹನ್ನೆರಡೂವರೆ ಇತ್ತು. ನಾನು ನಂಬರ್ ಹೇಳಲಿಲ್ಲ. ತುಂಬಿದೆ ಅಂದೆ.” ಅವಳ ದನಿ ಹಾಜರಿ ಕರೆಯುವಾಗಿನ ದನಿಯಂತೆ ಏರಿಳಿತವಿಲ್ಲದೆ ಬರುತ್ತಿತ್ತು. “ನಂಬರ್ ಹೇಳಿದ್ರೆ ಅವರಿಗೆ ಗೊತ್ತಾಗ್ತಿತ್ತು. ಅಲ್ಲಿ ಎರಡು ಟ್ಯಾಕ್ಸಿ ನಿಂತಿದ್ವು. ನಿಲ್ಲಿಸ್ಬೇಡಿ, ನಡೀರಿ ಅಂದೋಳೂ ನಾನೇ.”

ಅಡುಗೆಮನೆಯ ಕಡೆಯಿಂದ ಕೇಳುತ್ತಿದ್ದ ಚಾಕುಗಳ ಸದ್ದು ನಿಂತಿತ್ತು.

ಹರಿಪಾಲ್ ಕೈಯಲ್ಲಿದ್ದ ಚಿಪ್ಪನ್ನು ನೋಡುತ್ತ ಕೂತಿದ್ದ. ಮುದುಕನ ಕಡೆ ತಿರುಗಿ, “ಕಾಕಾ, ಹನ್ನೆರಡೂವರೆ ಅಂದ್ರೆ ಕಮ್ಮಿನಾ?” ಎಂದು ಕೇಳಿದ.

“ನನಗೇನು ಗೊತ್ತು? ನಾನು ಓಡಿಸಿದ್ದು ಎತ್ತಿನ ಗಾಡಿ.”

“ನಿಂತಿದ್ರೆ ಕಮ್ಮಿಯಲ್ಲ,” ಎಂದ ಸಕಿಯಾಸಿ, ಸುಭಾಷ್ನಿಯ ಹಿಂದಿನಿಂದ. ಅವನು ಯಾವಾಗ ಬಂದು ನಿಂತನೋ ಅವಳಿಗೆ ತಿಳಿದಿರಲಿಲ್ಲ. “ಓಡ್ತಿದ್ರೆ ಕಮ್ಮಿ.”

ಹರಿಪಾಲ್ ತಲೆಯಾಡಿಸಿದ. ಅರ್ಥವಾಯಿತೆಂದೋ, ಕೇಳಿಸಿತೆಂದೋ. ಚಿಪ್ಪಿನಲ್ಲಿದ್ದದ್ದನ್ನು ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ. ಚಪ್ಪಾಳೆ ಹೊಡೆಯುವುದನ್ನು ಮರೆತ. ಬೇರೆಯವರೂ ಹೊಡೆಯಲಿಲ್ಲ.

“ಯಾವಾಗ ರಿಪೇರಿ ಆಗುತ್ತೆ?”

“ಆಲ್ಟರ್ನೇಟರ್ ಬರ್ಬೇಕು. ಗುರುವಾರ.”

“ನಾನೂ ರಾಜನೀಲೂ ಮಂಗಳವಾರ ಹಡಗು ಹತ್ತಬೇಕು.” ಅವನು ಯಾರನ್ನೂ ನೋಡುತ್ತಿರಲಿಲ್ಲ. “ಗಾಡಿ, ಕೀಲಿ ಎಲ್ಲಾ ಇಲ್ಲೇ ಇರಲಿ ಹಾಗಾದ್ರೆ.”

ಅಷ್ಟೇ. ಅವಳ ಕಡೆ ಅವನು ತಿರುಗಲಿಲ್ಲ. ಇನ್ನು ಮುಂದೆಯೂ ತಿರುಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಒಂದು ಪಿಸುದನಿ ಶುರುವಾಗಿ ಇನ್ನೊಂದಕ್ಕೆ ದಾಟಿತು. ಹೊರಗೆ ಹೋಗಬೇಕು ಎಂದುಕೊಂಡಳು. ಯಾವ ಕಡೆ ಹೋಗುವುದು ಎಂದು ತೋಚಲಿಲ್ಲ.

ಮಥುರಾ ಕಾಕಾ ಬಕೆಟ್ಟಿನ ನೀರನ್ನು ಮರದ ಬೋಗುಣಿಗೆ ಸುರಿಯತೊಡಗಿದ. ಆ ಸದ್ದಿನ ನಡುವೆ ಬಿಸುನ್ ಒಂದು ಕೈಯೂರಿ ಚಾಪೆಯ ಮೇಲೆ ಸ್ವಲ್ಪ ಆಚೆಗೆ ಸರಿದ. ಪಕ್ಕದವನೂ ಸರಿಯಬೇಕಾಯಿತು. ಸಕಿಯಾಸಿ ಬಾಗಿಲಲ್ಲೇ ಕೂತುಬಿಟ್ಟ.

ಸುಭಾಷ್ನಿ ಸೆರಗನ್ನು ಒಟ್ಟುಮಾಡಿಕೊಂಡು, ಗಂಡಸರ ಮೊಣಕಾಲುಗಳ ನಡುವೆ ದಾರಿ ನೋಡಿಕೊಂಡು ಹೋಗಿ, ಖಾಲಿಯಾದ ಜಾಗದಲ್ಲಿ ಕೂತಳು. ಅವನು ಕೂತಿದ್ದಲ್ಲಿ ಚಾಪೆ ಇನ್ನೂ ಬೆಚ್ಚಗಿತ್ತು.